ದಯವಿಟ್ಟು ಸ್ವಲ್ಪ ವಿರೋಧಿಸಿ

ಹಾಸಿಗೆ ಕಾರ್ಖಾನೆ ಇಟ್ಟುಕೊಂಡವರ ಮನೆಯಲ್ಲಿ ಎಲ್ಲರೂ ಸುಖವಾಗಿ ನಿದ್ದೆ ಮಾಡುತ್ತಾರೆ ಎಂದು ಜನ ತಿಳಿದುಕೊಂಡಿದ್ದಾರೆ. ಯಾರ ತಪ್ಪು ತಿಳಿವಳಿಕೆಯನ್ನೂ ತಿದ್ದಲು ನಾನು ಹೋಗುವುದಿಲ್ಲ. ತಿದ್ದುವುದಕ್ಕೆ ಶಕ್ತಿ ಬೇಕು, ನನ್ನ ಶಕ್ತಿ ಮಧ್ಯಾಹ್ನದ ಹೊತ್ತಿಗೇ ಮುಗಿದಿರುತ್ತದೆ. ನಮ್ಮ ಮನೆಯ ಸಂಗತಿ ಏನೆಂದರೆ, ನಮ್ಮವರಿಗೆ ನಿದ್ದೆ ಬರುವುದಿಲ್ಲ, ತಮಗೆ ಬಾರದ್ದು ನನಗೆ ಬರುವುದನ್ನು ಅವರು ಸಹಿಸುವುದೂ ಇಲ್ಲ. ಹೊಸ ಯೋಚನೆ ಹೊಳೆದ ಕೂಡಲೇ ನನ್ನ ಭುಜ ಅಲುಗಾಡಿಸಿ ಹೇಳುತ್ತಾರೆ. ಯೋಚನೆಗಳೋ, ಇವರಿಗೆ ಹೊಳೆಯದ ದಿನವೇ ಇಲ್ಲ.

ಕಾರ್ಖಾನೆ ಅಂದರೆ ಬೀದಿಯ ಕೊನೆಯಲ್ಲಿರುವ ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಮುಂದಿನ ಕೋಣೆಯಲ್ಲಿ ನನ್ನ ಮೇಜು, ಫೋನು, ಬಟ್ಟೆಯ ಮಾದರಿ ತುಂಡುಗಳನ್ನು ಅಂಟಿಸಿದ ಹಲಗೆ. ಆರ್ಡರ್ ತೆಗೆದುಕೊಳ್ಳುವುದು, ಬೈಸಿಕೊಳ್ಳುವುದು, ನಾಳೆ ಖಂಡಿತ ಕಳಿಸುತ್ತೇವೆ ಎಂದು ಹೇಳುವುದು ನನ್ನ ಕೆಲಸ. ಒಳಗೆ ಬಟ್ಟೆ ಕತ್ತರಿಸುವವರು, ಹತ್ತಿ ತುಂಬುವವರು, ಅಂಚು ಹೊಲಿಯುವವರು. ಎಲ್ಲರಿಗಿಂತ ಹಿಂದೆ, ಲಾರಿ ಬಂದು ನಿಲ್ಲುವ ಬಾಗಿಲ ಹತ್ತಿರ, ಒಂದು ದೊಡ್ಡ ಮರದ ಮಂಚ. ಅದರ ಮೇಲೆ ನಮ್ಮ ಚಿಕ್ಕಪ್ಪ.

ಅಪ್ಪ ಕಾರ್ಖಾನೆ ಶುರು ಮಾಡಿದ ಹೊಸತರಲ್ಲಿ ಒಂದು ಹಾಸಿಗೆಯೊಳಗೆ ದಬ್ಬಳ ಉಳಿದುಬಿಟ್ಟಿತ್ತಂತೆ. ಕೊಂಡವರು ಅದರ ಮೇಲೆ ಮಲಗಿ, ಎದ್ದು, ನೇರವಾಗಿ ಇಲ್ಲಿಗೇ ಬಂದರಂತೆ. ಕುರ್ಚಿ ಕೊಟ್ಟರೆ ಕೂರಲು ಒಪ್ಪಲಿಲ್ಲವಂತೆ. ಅಂದಿನಿಂದ ಅಪ್ಪನ ಕಟ್ಟಪ್ಪಣೆ: ಮನೆಯವರೊಬ್ಬರು ಮೈಚೆಲ್ಲಿ ನೋಡದೆ ಯಾವ ಹಾಸಿಗೆಯೂ ಗೇಟು ದಾಟಕೂಡದು. ಆ ಮನೆಯವರೊಬ್ಬರು ಅಂದರೆ ಅಪ್ಪನ ತಮ್ಮ. ಚಿಕ್ಕಪ್ಪ ಅಂಗಾತ ಮಲಗುತ್ತಾರೆ, ಎಡಕ್ಕೆ ಹೊರಳುತ್ತಾರೆ, ಬಲಕ್ಕೆ ಹೊರಳುತ್ತಾರೆ, ಬೋರಲಾಗುತ್ತಾರೆ, ಆಮೇಲೆ ಎದ್ದು ಹಾಸಿಗೆಯನ್ನು ಒಮ್ಮೆ ತಟ್ಟಿ "ಹೋಗಲಿ" ಅನ್ನುತ್ತಾರೆ. ಅವರು ಅನ್ನುವವರೆಗೆ ಹೊರಗೆ ಲಾರಿ ಕಾಯುತ್ತದೆ, ಲಾರಿಯವನು ಹಾರ್ನ್ ಬಾರಿಸುತ್ತಾನೆ, ಅಂಗಡಿಗಳವರು ಫೋನಿನಲ್ಲಿ ನನಗೆ ಬೈಯುತ್ತಾರೆ. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಇದು ಹೀಗೆಯೇ ನಡೆದಿದೆ.

ಮದುವೆಯಾಗಿ ಬಂದ ಅಳಿಯನಿಗೆ ಕಾರ್ಖಾನೆಯ ಪ್ರತಿಯೊಂದರಲ್ಲೂ ಕೊರತೆ ಕಾಣಿಸಿತು. ಇವರು ಒಂದೊಂದು ವಿಭಾಗಕ್ಕೂ ಒಂದೊಂದು ಬಣ್ಣದ ಟೋಪಿ ತರಿಸಿದರು. ಬೆಳಿಗ್ಗೆ ಎಲ್ಲರೂ ವೃತ್ತವಾಗಿ ನಿಂತು ಚಪ್ಪಾಳೆ ತಟ್ಟಿ ಕೆಲಸ ಆರಂಭಿಸಬೇಕೆಂದರು. ಸಲಹೆ ಪೆಟ್ಟಿಗೆ ಇಡಿಸಿದರು. ಪ್ರತಿ ಸಲವೂ ಇಡೀ ಕಾರ್ಖಾನೆ ಒಕ್ಕೊರಲಿನಿಂದ "ಆಯ್ತು ಸಾರ್" ಅಂದಿತು, ಕೆಲವು ದಿನ ತಾಳಿಕೊಂಡಿತು, ಇವರು ಮರೆತ ಕೂಡಲೇ ಹಳೆಯ ದಾರಿಗೆ ಮರಳಿತು. ಟೋಪಿಗಳು ಈಗ ಹೊಲಿಗೆ ಯಂತ್ರಗಳ ಧೂಳು ಒರೆಸುತ್ತಿವೆ. ಸಲಹೆ ಪೆಟ್ಟಿಗೆಯಲ್ಲಿ ನೂಲಿನ ಉಂಡೆಗಳಿವೆ. ಯಾರೂ ಜಗಳವಾಡಲಿಲ್ಲ, ಯಾರೂ ಎದುರು ಮಾತಾಡಲಿಲ್ಲ. ನಮ್ಮಲ್ಲಿ ಕೆಲಸ ನಡೆಯುವ ಪದ್ಧತಿಯೇ ಅದು.

ಹೀಗಿರುವಾಗ ಒಂದು ಸಂಜೆ ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಗೇಟಿನ ಬೀಗದ ಕೈ ಆಗಿನ್ನೂ ಅಪ್ಪನ ಜೇಬಿನಲ್ಲೇ ಇರುತ್ತಿತ್ತು. ಇವರು ದಿನಾ ಬೆಳಿಗ್ಗೆ ಹೋಗಿ ಅದನ್ನು ಇಸಿದುಕೊಂಡು ಬರಬೇಕಿತ್ತು, ಸಂಜೆ ಒಪ್ಪಿಸಬೇಕಿತ್ತು. ಅಪ್ಪ ಆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಒಂದು ದೊಡ್ಡ ಕಂಪನಿಯವರು ಶೆಡ್ಡನ್ನು ಕೊಳ್ಳಲು ಕೇಳುತ್ತಿದ್ದಾರೆ ಎಂದರು. ಕೊಂಡವರು ಯಂತ್ರಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಜನರನ್ನಲ್ಲ. ಅಪ್ಪನಿಗೂ ಸಾಕಾಗಿತ್ತು.

"ನೋಡಿ, ನನಗೆ ಸುಸ್ತಾಗಿದೆ. ತಿಂಗಳ ಕೊನೆವರೆಗೆ ನೋಡ್ತೀನಿ," ಎಂದರು. "ಆ ಲಾರಿ ಕಾಯೋದನ್ನ ಒಂದು ನಿಲ್ಲಿಸಿ ತೋರ್ಸಿ. ಆದ್ರೆ ಗಲಾಟೆ ಆಗಬಾರದು, ಯಾರ ಮನಸ್ಸೂ ನೋಯಬಾರದು. ಮಾಡಿದ್ರೆ ಈ ಬೀಗದ ಕೈ ನಿಮ್ದು. ಆಗ್ಲಿಲ್ವಾ, ಮಾರಿಬಿಡ್ತೀನಿ."

ಇವರ ಮುಖ ಗಂಭೀರವಾಯಿತು. ಗಂಭೀರವಾದಾಗ ಇವರು ಯಾವುದಾದರೂ ತರಬೇತಿಗೆ ಸೇರಿಕೊಳ್ಳುತ್ತಾರೆ. ಈ ಸಲ ಸೇರಿದ್ದು, ಸಂಸ್ಥೆಯಲ್ಲಿ ಬದಲಾವಣೆ ತರುವಾಗ ಎದುರಾಗುವ ವಿರೋಧವನ್ನು ನಾಯಕನಾದವನು ಗೆಲ್ಲುವುದು ಹೇಗೆ ಎಂಬ ವಿಷಯದ ಶಿಬಿರಕ್ಕೆ. ಹೋಟೆಲೊಂದರ ತಣ್ಣನೆಯ ಸಭಾಂಗಣದಲ್ಲಿ ನಡೆಯಿತಂತೆ. ಹಿಂದಿರುಗಿದಾಗ ಎದೆಯ ಮೇಲೆ ಬಿಲ್ಲೆ, ಕಂಕುಳಲ್ಲಿ ಫೈಲು, ಕಣ್ಣಲ್ಲಿ ಬೇರೆಯದೇ ಬೆಳಕು. ಊಟಕ್ಕೆ ಕುಳಿತವರು ಅನ್ನ ಕಲಸದೆ ನನಗೆ ಪಾಠ ಮಾಡಿದರು. ಜನ ವಿರೋಧಿಸಿದರೆ ಹೆದರಬಾರದು, ಕಿವಿಗೊಟ್ಟು ಕೇಳಬೇಕು. ವಿರೋಧಿಸಿದರೆ ಬದಲಾವಣೆ ನಾಟುತ್ತಿದೆ ಎಂದರ್ಥ. ವಿರೋಧವೇ ಇಲ್ಲದಿದ್ದರೆ ಮಾತ್ರ ಹೆದರಬೇಕು, ಅದು ಒಳಗೊಳಗೇ ಕೊಳೆಯುತ್ತಿದೆ ಎಂದರ್ಥ. ಇದನ್ನು ಹೇಳಿದ ತರಬೇತುದಾರರು ಯಾವ ಸಂಸ್ಥೆಯಲ್ಲೂ ಕೆಲಸ ಮಾಡಿದವರಲ್ಲವಂತೆ, ಹಾಗಾಗಿ ಅವರ ದೃಷ್ಟಿ ಬಹಳ ಸ್ವಚ್ಛವಂತೆ.

ಆಮೇಲೆ ನಾನು ವಿರೋಧಿಸುವವಳಾಗಿ ಅಭಿನಯಿಸಬೇಕಾಯಿತು. ಇವರು ಕಿವಿಗೊಟ್ಟು ಕೇಳುವ ಅಭ್ಯಾಸ ಮಾಡಬೇಕಿತ್ತು. ನಾನು ಪಾತ್ರೆ ಉಜ್ಜುತ್ತಾ ಬೇಡ ಅಂದೆ. ಧ್ವನಿಯಲ್ಲಿ ಆವೇಶ ಸಾಲದು ಎಂದರು. ಇನ್ನೊಮ್ಮೆ ಬೇಡ ಅಂದೆ. ಕಣ್ಣಲ್ಲಿ ಭಯ ಕಾಣಬೇಕು ಎಂದರು. ನನಗೆ ಕಾಣುತ್ತಿದ್ದ ಭಯವೆಂದರೆ ಬಾಣಲೆ ಇನ್ನೂ ಬಾಕಿ ಇದೆ ಎಂಬುದೊಂದೇ.

ವಾರದೊಳಗೆ ಯಂತ್ರ ಬಂದಿಳಿಯಿತು. ಕಬ್ಬಿಣದ ಚೌಕಟ್ಟಿನಲ್ಲಿ ಒಂದು ದಪ್ಪ ಉರುಳೆ. ಹಾಸಿಗೆಯನ್ನು ಒಂದು ಕಡೆಯಿಂದ ತಳ್ಳಿದರೆ ಅದರ ಮೇಲೆ ಉರುಳೆ ಹಾದು, ಒಳಗೆ ಗಂಟೋ ದಬ್ಬಳವೋ ಇದ್ದರೆ ಗಂಟೆ ಬಾರಿಸಿ, ಇಲ್ಲದಿದ್ದರೆ ಸುಮ್ಮನೆ ಇನ್ನೊಂದು ಕಡೆಯಿಂದ ಆಚೆಗೆ ಬಿಡುತ್ತದೆ. ಇವರು ಎಲ್ಲರನ್ನೂ ಅದರ ಮುಂದೆ ಸೇರಿಸಿದರು. ಚಿಕ್ಕಪ್ಪನ ಬೆನ್ನ ಕೆಳಗೆ ಒಂದು ಜೋಡಿ ಹಾಸಿಗೆ ಇದ್ದುದರಿಂದ ಅವರನ್ನು ಎಬ್ಬಿಸುವುದು ಬೇಡವೆಂದು ಬಿಟ್ಟರು. ನಾಳೆಯಿಂದ ಹಾಸಿಗೆ ಪರೀಕ್ಷೆ ಈ ಯಂತ್ರದಲ್ಲಿ, ಎಂದು ಸಾರಿ, ಎದೆ ಸೆಟೆಸಿ, ಬರಲಿರುವ ಬಿರುಗಾಳಿಗೆ ಸಿದ್ಧರಾಗಿ ನಿಂತರು.

"ಆಯ್ತು ಸಾರ್," ಎಂದರು ಎಲ್ಲರೂ. ಹೋಗಿ ತಮ್ಮ ತಮ್ಮ ಜಾಗದಲ್ಲಿ ಕುಳಿತರು.

ಇವರ ಮುಖ ನೋಡಲಾಗುತ್ತಿರಲಿಲ್ಲ. ಹುಟ್ಟುಹಬ್ಬಕ್ಕೆ ಯಾರೂ ಬಾರದ ಮಗುವಿನ ಮುಖ ಅದು. ಫೈಲನ್ನು ಎದೆಗವಚಿಕೊಂಡು ನನ್ನ ಮೇಜಿನ ಬಳಿ ಬಂದು, ಒಳಗೊಳಗೇ ಕೊಳೆಯುತ್ತಿದೆ ಎಂದು ಪಿಸುಗುಟ್ಟಿದರು. ಅಲ್ಲಿಂದ ಶುರುವಾಯಿತು ವಿರೋಧದ ಬೇಟೆ. ಇವರು ಒಬ್ಬೊಬ್ಬರ ಪಕ್ಕದಲ್ಲೂ ಸ್ಟೂಲು ಹಾಕಿಕೊಂಡು ಕುಳಿತರು. ಕತ್ತರಿಸುವವರ ಕತ್ತರಿ ನಿಲ್ಲಿಸಿ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಹತ್ತಿ ತುಂಬುವವರ ಜೊತೆ ಹತ್ತಿಯೊಳಗೆ ಕುಳಿತು ಸೀನಿದರು. ನಿಮ್ಮ ಮನಸ್ಸಿನಲ್ಲಿ ಏನೋ ಇದೆ, ಹೇಳಿಬಿಡಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬೇಡಿಕೊಂಡರು. ಮನಸ್ಸಿನಲ್ಲಿ ಏನಾದರೂ ಇದ್ದವರು ಇದ್ದದ್ದನ್ನೇ ಹೇಳಿದರು. ಒಬ್ಬರು ಮಗಳಿಗೆ ಗಂಡು ಹುಡುಕುತ್ತಿದ್ದರು, ಇನ್ನೊಬ್ಬರ ಹಲ್ಲು ನೋಯುತ್ತಿತ್ತು. ಯಂತ್ರದ ಬಗ್ಗೆ ಕೇಳಿದರೆ ಒಳ್ಳೆಯದೇ ಆಯಿತಲ್ಲ ಸಾರ್ ಅಂದರು. ಯಂತ್ರವನ್ನು ಮುಟ್ಟಿದವರು ಮಾತ್ರ ಯಾರೂ ಇರಲಿಲ್ಲ. ಹಾಸಿಗೆಗಳು ಎಂದಿನಂತೆ ಚಿಕ್ಕಪ್ಪನ ಮಂಚಕ್ಕೆ ಹೋದವು, ಲಾರಿ ಎಂದಿನಂತೆ ಹಾರ್ನ್ ಬಾರಿಸಿತು, ತಿಂಗಳು ತನ್ನ ಪಾಡಿಗೆ ಮುಗಿಯುತ್ತಾ ಬಂತು.

ಕೊನೆಗೆ ಹೊಲಿಗೆ ವಿಭಾಗದ ಹಿರಿಯಳು ನನ್ನ ಮೇಜಿನ ಬಳಿಗೆ ಬಂದಳು. ಅವಳನ್ನು ಎಲ್ಲರೂ ಟೈಲರಮ್ಮ ಅನ್ನುತ್ತಾರೆ. ಒಳಗಿನ ನಿಜವಾದ ಆಡಳಿತ ಅವಳದೇ.

"ಅಕ್ಕಾ, ಸಾರ್‌ಗೆ ಏನು ಬೇಕಂತೆ? ಕೆಲಸ ಮಾಡಕ್ಕೆ ಬಿಡ್ತಿಲ್ಲ."

ನನಗೆ ಹಿಂದಿನ ದಿನದಿಂದ ತಲೆ ಸಿಡಿಯುತ್ತಿತ್ತು. ಫೋನಿನಲ್ಲಿ ಒಬ್ಬರು ಬೈದು ಮುಗಿಸಿದ್ದರು, ಇನ್ನೊಬ್ಬರು ಬೈಯಲು ಕಾಯುತ್ತಿದ್ದರು. "ಅವರಿಗೆ ಸ್ವಲ್ಪ ವಿರೋಧ ಬೇಕಂತಮ್ಮ. ಅದೊಂದು ಮಾಡಿಕೊಟ್ಬಿಡಿ," ಅಂದೆ.

ಟೈಲರಮ್ಮ ತಲೆಯಾಡಿಸಿದಳು. ಯಾವ ಆರ್ಡರ್ ಬಂದರೂ ಅಳತೆ ಕೇಳದೆ ಅವಳು ಹೋಗುವುದಿಲ್ಲ. ಎಷ್ಟು ಹೊತ್ತಿನದು ಬೇಕು ಎಂದು ಕೇಳಿದಳು. ಟೀ ಬಿಡುವಿನಷ್ಟು ಸಾಕು ಅಂದೆ.

ಮರುದಿನ ಟೀ ಬಿಡುವಿನಲ್ಲಿ ವಿರೋಧ ಸಿದ್ಧವಾಗಿತ್ತು. ಲೋಟಗಳನ್ನು ತೊಳೆದಿಟ್ಟು ಎಲ್ಲರೂ ಗೇಟಿನ ಹೊರಗೆ ಸಾಲಾಗಿ ನಿಂತರು. ಒಳಗೆ ನಿಂತರೆ ಹತ್ತಿಯ ಧೂಳಿಗೆ ಗಂಟಲು ಕಟ್ಟುತ್ತದೆ ಎಂದು ಟೈಲರಮ್ಮನೇ ತೀರ್ಮಾನಿಸಿದ್ದಳು. ಏನೆಂದು ಕೂಗಬೇಕು ಎಂಬುದರಲ್ಲಿ ಒಮ್ಮತ ಬಾರದೆ, ಬರೀ ಬೇಡ ಬೇಡ ಎಂದು ಕೂಗುವುದೆಂದು ಗೊತ್ತುಮಾಡಿಕೊಂಡಿದ್ದರು. ಕೂಗಿದರು. ದನಿ ಕೇಳಿ ಇವರು ಮೇಜಿನ ಮೇಲಿದ್ದ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಓಡಿಬಂದರು. ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷ. ಕೈಕಟ್ಟಿ, ತಲೆ ವಾಲಿಸಿ, ಶಿಬಿರದಲ್ಲಿ ಕಲಿತ ಭಂಗಿಯಲ್ಲಿ ನಿಂತು ಆಲಿಸಿದರು. ಕಾರಣ ಹೇಳಿ ಎಂದಾಗ ಮಾತ್ರ ಸಾಲು ಸ್ವಲ್ಪ ತಬ್ಬಿಬ್ಬಾಯಿತು. ಕತ್ತರಿಸುವವರಲ್ಲೊಬ್ಬರು ಯಂತ್ರದ ಬಣ್ಣ ಸರಿಯಿಲ್ಲ ಎಂದರು. ಇವರು ಅಂದು ಸಂಜೆಯೇ ಹಸಿರು ಬಣ್ಣ ಬಳಿಸಿದರು. ಅದಕ್ಕೂ ವಿರೋಧ ಬರಲಿ ಎಂದು ಮರುದಿನ ಕಾದರು. ಟೈಲರಮ್ಮ ನಿರಾಸೆಗೊಳಿಸಲಿಲ್ಲ. ಯಾವ ವಿಭಾಗ ಯಾವ ದಿನ ವಿರೋಧಿಸಬೇಕೆಂದು ಅವಳು ಪಾಳಿ ಹಾಕಿಬಿಟ್ಟಿದ್ದಳು.

ನಮ್ಮ ಎದುರಿಗೆ ಟೈರ್ ಅಂಗಡಿ ಇದೆ. ಅದರ ಮಾಲೀಕರಿಗೆ ಪಂಕ್ಚರ್ ಬಾರದ ಹೊತ್ತಿನಲ್ಲೆಲ್ಲ ನಮ್ಮ ಗೇಟನ್ನು ನೋಡುವುದೇ ಕಸುಬು. ಅವರು ಮೊದಲ ದಿನ ನೋಡಿದರು, ಮರುದಿನವೂ ನೋಡಿದರು, ಆಮೇಲೆ ಕಾರ್ಮಿಕ ಇಲಾಖೆಗೆ ಫೋನು ಮಾಡಿ ಹಾಸಿಗೆ ಕಾರ್ಖಾನೆಯಲ್ಲಿ ಮುಷ್ಕರ ಎಂದು ತಿಳಿಸಿದರು. ಜೊತೆಗೆ ಅಪ್ಪನಿಗೂ ತಿಳಿಸಿದರು. ಒಳ್ಳೆಯ ನೆರೆಯವರೆಂದರೆ ಹಾಗೇ, ಒಂದು ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲ.

ಇಲಾಖೆಯ ಇನ್‌ಸ್ಪೆಕ್ಟರ್ ಬಂದಾಗ ಹತ್ತಿ ವಿಭಾಗದವರ ಪಾಳಿ ನಡೆದಿತ್ತು. ನನಗಿಂತಲೂ ದಣಿದ ಮನುಷ್ಯರನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಅವರಲ್ಲಿ ಈ ಇನ್‌ಸ್ಪೆಕ್ಟರ್ ಒಬ್ಬರು. ಛತ್ರಿ ಮಡಿಸಿ, ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕುಸಿದು, ನೀರು ಕುಡಿದು, ಎರಡು ಕಡೆಯವರನ್ನೂ ಕರೆಯಿರಿ ಎಂದರು. ಒಂದು ಕಡೆಯಿಂದ ಇವರು, ಇನ್ನೊಂದು ಕಡೆಯಿಂದ ಟೈಲರಮ್ಮ ಬಂದು ನಿಂತರು.

"ಯಾಕಮ್ಮ ವಿರೋಧ ಮಾಡ್ತಿದೀರಾ?"

"ಸಾರ್ ಕೇಳಿದ್ರು, ಅದಕ್ಕೆ."

"ಯಾವ ಸಾರ್?"

"ಇವ್ರೇ."

ಇನ್‌ಸ್ಪೆಕ್ಟರ್ ಇವರ ಕಡೆ ನೋಡಿದರು. ಇವರು ಹೆಮ್ಮೆಯಿಂದ ಒಪ್ಪಿಕೊಂಡು ಫೈಲು ತೆರೆದರು. ವಿರೋಧದ ಹಂತಗಳನ್ನು ವಿವರಿಸಿದರು, ನಾವೀಗ ಯಾವ ಹಂತದಲ್ಲಿದ್ದೇವೆ ಎಂಬುದನ್ನು ಬೆರಳಿಟ್ಟು ತೋರಿಸಿದರು. ಇನ್‌ಸ್ಪೆಕ್ಟರ್, ಮುಷ್ಕರ ಮುರಿಯುವ ಮಾಲೀಕರನ್ನು ನೋಡಿದ್ದೇನೆ, ಮುಷ್ಕರಕ್ಕೆ ಹೆದರಿ ಓಡಿಹೋದವರನ್ನೂ ನೋಡಿದ್ದೇನೆ, ಹೇಳಿ ಮಾಡಿಸಿಕೊಂಡವರನ್ನು ನೋಡಿದ್ದು ಇದೇ ಮೊದಲು ಎಂದರು. ಇದನ್ನು ಯಾವ ಕಲಮಿನಡಿ ಬರೆಯಬೇಕೋ ತಿಳಿಯುತ್ತಿಲ್ಲ ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇವರು ಸಹಾಯ ಮಾಡಲು ಮುಂದಾದರು. ಇನ್‌ಸ್ಪೆಕ್ಟರ್ ಬೇಡವೆಂದು ಕೈಮುಗಿದರು.

ಸರಿಯಾಗಿ ಆಗಲೇ ಅಪ್ಪ ಬಂದಿಳಿದರು. ಗೇಟಿನಲ್ಲಿ ಬೇಡ ಬೇಡ ಎನ್ನುವ ಜನ, ಒಳಗೆ ಸರ್ಕಾರದ ಮನುಷ್ಯ, ನಡುವೆ ಎದೆಗೆ ಬಿಲ್ಲೆ ಹಾಕಿಕೊಂಡು ಮಿನುಗುತ್ತಿರುವ ಅಳಿಯ. ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವರು ಗೋಡೆ ಹಿಡಿದುಕೊಂಡು ಒಳಗೆ ಬಂದು, ನನ್ನ ಮೇಜಿನ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು, ಆ ಕಂಪನಿಯವರ ನಂಬರ್ ಹಚ್ಚಿಕೊಡು ಎಂದರು. ಬಾಗಿಲಲ್ಲಿ ಹತ್ತಿ ವಿಭಾಗದವರ ದನಿ ತಾನಾಗಿ ನಿಂತಿತು. ಟೈಲರಮ್ಮ ನನ್ನ ಮುಖ ನೋಡಿದಳು. ನಾನು ನಂಬರನ್ನು ಹುಡುಕುವವಳಂತೆ ಡ್ರಾಯರ್ ಎಳೆದೆ, ಮುಚ್ಚಿದೆ, ಇನ್ನೊಂದನ್ನು ಎಳೆದೆ. ನಂಬರ್ ನನಗೆ ಬಾಯಿಪಾಠವಿತ್ತು.

ಆ ಹೊತ್ತಿಗೆ ಇನ್‌ಸ್ಪೆಕ್ಟರ್ ಬರೆಯುವುದಕ್ಕಾದರೂ ಏನಾದರೂ ಬೇಕೆಂದು ಕೇಳಿದರು. "ಇರ್ಲಿ, ಈ ಮಶಿನ್‌ನಿಂದ ಕೆಲಸ ಹೋಗೋದು ಯಾರ್ದು? ಅವ್ರೇನಂತಾರೆ?"

ಇವರು ಟೈಲರಮ್ಮನನ್ನು ನೋಡಿದರು, ಟೈಲರಮ್ಮ ನನ್ನನ್ನು ನೋಡಿದಳು, ನಾನು ಡ್ರಾಯರನ್ನು ನೋಡಿದೆ. ವಿರೋಧಕ್ಕಾಗಿ ಇಡೀ ಕಾರ್ಖಾನೆಯನ್ನು ಸೋಸಿದ ಮೇಲೂ, ಯಾರ ಬೆನ್ನ ಕೆಳಗಿನ ಹಾಸಿಗೆ ಎಳೆಯುತ್ತಿದ್ದೇವೋ ಅವರನ್ನು ಒಂದು ಮಾತು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಅಪ್ಪ ಫೋನಿನಿಂದ ಕೈ ತೆಗೆದರು.

"ಅವನನ್ನ ಕೇಳೋದು ಬೇಡ. ನೊಂದ್ಕೋತಾನೆ," ಎಂದರು.

ಆದರೆ ಇನ್‌ಸ್ಪೆಕ್ಟರ್ ಆಗಲೇ ಎದ್ದು ನಡೆದಿದ್ದರು. ನಾವೆಲ್ಲ ಮೆರವಣಿಗೆಯಂತೆ ಹಿಂದೆ ಹೋದೆವು. ಚಿಕ್ಕಪ್ಪ ಎಡಮಗ್ಗುಲಲ್ಲಿ ಮಲಗಿದ್ದರು. ಅಷ್ಟು ಜನರನ್ನು ಕಂಡು ಎದ್ದು ಕುಳಿತು, ತಮ್ಮದೇನಾದರೂ ತಪ್ಪಾಯಿತೇ ಎಂಬಂತೆ ಅಣ್ಣನ ಮುಖ ನೋಡಿದರು. ಇನ್‌ಸ್ಪೆಕ್ಟರ್ ಯಂತ್ರವನ್ನು ತೋರಿಸಿ, ಇದು ಬಂದರೆ ನಿಮ್ಮ ಆಕ್ಷೇಪ ಇದೆಯೇ ಎಂದು ಕೇಳಿದರು. ಇವರು ಕೈಕಟ್ಟಿ ತಲೆ ವಾಲಿಸಿದರು. ಬಹುನಿರೀಕ್ಷಿತ ವಿರೋಧ ಕಡೆಗೂ ಬರಲಿತ್ತು.

ಚಿಕ್ಕಪ್ಪ ಹಸಿರು ಯಂತ್ರವನ್ನು ಬಹಳ ಹೊತ್ತು ನೋಡಿದರು. "ಇದು ನಿಜವಾಗ್ಲೂ ನನ್ನ ಕೆಲಸ ಮಾಡುತ್ತಾ?" ಎಂದು ಕೇಳಿದರು. ಮಾಡುತ್ತದೆ ಎಂದು ಇವರು ಹೇಳಿದರು.

"ಮತ್ತೆ ಇಷ್ಟು ದಿನ ಯಾಕೆ ತರ್ಲಿಲ್ಲ?"

ಅಪ್ಪ ಮಂಚದ ಅಂಚು ಹಿಡಿದುಕೊಂಡರು. "ನಿನಗೆ ಇದು ಇಷ್ಟ ಅಂದ್ಕೊಂಡಿದ್ದೆ ಕಣೋ. ನಿನ್ನ ಹೆಂಡತಿ ಹೋದ ಮೇಲೆ ನಿನಗೆ ಇದೊಂದೇ ಇರೋದು ಅಂತ..."

"ನೀನು ಮಲಗು ಅಂದೆ, ಮಲಗಿದೆ," ಎಂದರು ಚಿಕ್ಕಪ್ಪ. "ಬೇಡ ಅಂದ್ರೆ ನೀನು ನೊಂದ್ಕೋತೀಯ ಅಂತ ಸುಮ್ನಿದ್ದೆ. ಹಗಲೆಲ್ಲ ಮಲಗಿ ಮಲಗಿ, ಮನೆಗೆ ಹೋದ್ರೆ ಕಣ್ಣು ಮುಚ್ಚಲ್ಲ ಅಣ್ಣ. ಒಬ್ನೇ ಗೋಡೆ ನೋಡ್ಕೊಂಡು ಕೂತಿರ್ತೀನಿ. ಮನುಷ್ಯರ ಹಾಗೆ ನೆಟ್ಟಗೆ ಕೂತು ನಾಲ್ಕು ಜನರ ಜೊತೆ ಮಾತಾಡಿ ಎಷ್ಟು ಕಾಲ ಆಯ್ತು ಗೊತ್ತಾ?"

ದಿನಾ ಅವರಿಗೆ ಟೀ ತಂದಿಟ್ಟು, ಮಲಗಿದ್ದಾರೆ ಪುಣ್ಯವಂತರು ಎಂದುಕೊಂಡು ಹಿಂದಿರುಗುತ್ತಿದ್ದವಳು ನಾನು. ಅಪ್ಪ ತಮ್ಮನ ಪಕ್ಕದಲ್ಲಿ ಕುಳಿತರು. ಇಬ್ಬರು ಮುದುಕರೂ ಒಂದೇ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡರು. ಆಮೇಲೆ ಅಪ್ಪ ಹಾಸಿಗೆಯನ್ನು ಒಮ್ಮೆ ತಟ್ಟಿ, ಹೋಗಲಿ ಅಂದರು. ಟೈಲರಮ್ಮ ಯಾರೂ ಹೇಳದೆಯೇ ಆ ಹಾಸಿಗೆಯನ್ನು ಎಳೆದು ಯಂತ್ರಕ್ಕೆ ಕೊಟ್ಟಳು. ಉರುಳೆ ತಿರುಗಿತು, ಗಂಟೆ ಬಾರಿಸಲಿಲ್ಲ, ಹಾಸಿಗೆ ಆಚೆ ಬಂತು. ಹೊರಗೆ ಲಾರಿಯವನು ಹಾರ್ನ್ ಒತ್ತಲು ಕೈ ಎತ್ತಿದವನು ಕಕ್ಕಾಬಿಕ್ಕಿಯಾಗಿ ಕೈ ಇಳಿಸಿದನಂತೆ.

ಇನ್‌ಸ್ಪೆಕ್ಟರ್ ವಿವಾದ ಇರಲಿಲ್ಲ ಎಂದು ಬರೆದು, ಛತ್ರಿ ಬಿಚ್ಚಿ, ಹಿಂದಿರುಗಿ ನೋಡದೆ ಹೋದರು. ಅಪ್ಪ ಬೀಗದ ಕೈಯನ್ನು ಇವರ ಅಂಗೈಯಲ್ಲಿಟ್ಟರು. ಇವರು ಉಬ್ಬಿಹೋದರು. ವಿರೋಧವನ್ನು ಹೇಗೆ ಗೆದ್ದೆವು ಎಂಬುದರ ಬಗ್ಗೆ ಎಲ್ಲರನ್ನೂ ಮುಂದಿನ ಕೋಣೆಯಲ್ಲಿ ಸೇರಿಸಿ ಭಾಷಣ ಮಾಡಿದರು. ಗೆಲ್ಲಲು ಯಾವ ವಿರೋಧವಿತ್ತು ಎಂದು ಯಾರೂ ಕೇಳಲಿಲ್ಲ. ಅಷ್ಟರಮಟ್ಟಿಗೆ ಎಲ್ಲರೂ ಸಂತೋಷವಾಗಿದ್ದರು, ನಾನೂ ಇದ್ದೆ.

ಭಾಷಣ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇವರಿಗೆ ಆ ಕ್ಷಣದಲ್ಲಿ ಇನ್ನೊಂದು ಯೋಚನೆ ಹೊಳೆಯಿತು. ಚಿಕ್ಕಮಾವನವರಿಗೆ ನೆಟ್ಟಗೆ ಕೂರಬೇಕು, ಜನರ ಜೊತೆ ಮಾತಾಡಬೇಕು. ಅದಕ್ಕೆ ಸರಿಯಾದ ಜಾಗ ಒಂದೇ, ಈ ಫೋನಿನ ಮೇಜು. ನಾಳೆಯಿಂದ ಅವರು ಇಲ್ಲಿ ಕೂರಲಿ. ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದರು: "ನೀನೂ ಸುಸ್ತಾಗಿದೀಯ. ಮನೇಲಿದ್ದು ಹಾಯಾಗಿರು."

ಕಾರ್ಖಾನೆಯ ಒಬ್ಬೊಬ್ಬರ ಪಕ್ಕದಲ್ಲೂ ಸ್ಟೂಲು ಹಾಕಿ, ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಬೇಡಿ ಬೇಡಿ ಕೇಳಿದ ಮನುಷ್ಯ ನನ್ನನ್ನು ಕೇಳಲಿಲ್ಲ. ಸುಸ್ತು ನನಗಿದೆ, ನಿಜ. ಆ ಸುಸ್ತು ನನ್ನದು. ಅದನ್ನು ಎಲ್ಲಿ ಕುಳಿತು ಪಡಬೇಕು ಎಂಬುದಾದರೂ ನನಗೆ ಬಿಟ್ಟದ್ದಲ್ಲವೇ? ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಇವರು ಕೈಕಟ್ಟಿ ತಲೆ ವಾಲಿಸಿ ಆಲಿಸಲು ಸಿದ್ಧರಾಗಿದ್ದರು.

"ಆಯ್ತು," ಅಂದೆ.

ಇವರು ತೃಪ್ತಿಯಿಂದ ಫೈಲು ಮುಚ್ಚಿದರು. ಟೈಲರಮ್ಮ ನನ್ನನ್ನು ಒಮ್ಮೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಬಂದು, ಎಂದಿನಂತೆ ಮೇಜು ಒರೆಸಿ, ಎಂದಿನ ಕುರ್ಚಿಯಲ್ಲಿ ಕುಳಿತೆ. ಎದುರಿಗೆ ಇನ್ನೊಂದು ಕುರ್ಚಿ ಹಾಕಿ ಚಿಕ್ಕಪ್ಪನನ್ನು ಕೂರಿಸಿದೆ. ಬಂದವರ ಜೊತೆ ಮಾತಾಡಿ, ಬಟ್ಟೆ ತೋರಿಸಿ, ಫೋನು ನನಗಿರಲಿ ಎಂದೆ. ಅವರು ನೆಟ್ಟಗೆ ಕುಳಿತು, ತಲೆ ಬಾಚಿಕೊಂಡು, ಮೊದಲ ಗಿರಾಕಿಗಾಗಿ ಬಾಗಿಲು ನೋಡುತ್ತಿದ್ದರು. ಇವರು ಹೊಸದಾಗಿ ತಮ್ಮದಾದ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಬಂದವರು ನನ್ನನ್ನು ಕಂಡು ನಿಂತರು. ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಇವರು ಕೇಳುವ ಮೊದಲೇ ನನ್ನ ಕೈ ಅದರ ಮೇಲಿತ್ತು.